ತುಂಡಾದ ತಂತಿ

ಮರಾಠಿ ಸೀಮೆಯ ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಸಂಶಯ ಕೇಳಲು ಪ್ರತಿಯೊಬ್ಬರಿಗೂ ಮೂರೇ ನಿಮಿಷ. ಭೌತಶಾಸ್ತ್ರದ ಪ್ರಹ್ಲಾದಾಚಾರ್ಯರು ತನ್ನಂತೆಯೇ ವಿಜಯಪುರದ ಕಡೆಯವರೆಂದು ಶಾಂಭವಿ ಕನ್ನಡದಲ್ಲಿಯೇ ಕೇಳಿದಳು:

“ಸರ್, ಮುಂದ ಎಲ್ಲೋ ತಂತಿ ಕಡದದ ಅಂತ ಕರೆಂಟಿಗೆ ಹೊರಡೂಕಿಂತ ಮೊದಲ ಹ್ಯಾಂಗ ಗೊತ್ತಾಗ್ತದ್ರಿ?”

ಹಿಂದಿನ ಕಾಲದ ಗುರುಕುಲದಲ್ಲಿ ಸಮಿತ್ತು ಹಿಡಿದು ಗುರುವಿನೆದುರು ನಿಂತ ಶಿಷ್ಯರು ಕೇಳುತ್ತಿದ್ದಂಥ ಪ್ರಶ್ನೆಯದು. ಆಚಾರ್ಯರ ಎದೆ ಅರಳಿತು. ಆದರೆ ಅವಳ ಹಿಂದೆ ಸಾಲು ನಿಂತವರು ವೇಳೆ ಮುಗಿಯಿತೆಂದು ಮರಾಠಿಯಲ್ಲಿ ಕೂಗುತ್ತಿದ್ದರು.

“ಪರೀಕ್ಷೆಗ ಅದು ಬರಂಗಿಲ್ಲವ್ವಾ. ಸೂತ್ರ ಬಾಯಿಪಾಠ ಮಾಡು,” ಎಂದುಬಿಟ್ಟರು.

ಆಡಿದ ಮಾತು ಅವರನ್ನು ಇರುಳೆಲ್ಲ ಚುಚ್ಚಿತು. ಮರುದಿನ ಸಂಧ್ಯಾವಂದನೆ ಮುಗಿಸಿದವರೇ ಬ್ಯಾಟರಿ, ತಂತಿ, ಪುಟ್ಟ ಬಲ್ಬುಗಳನ್ನು ಚೀಲಕ್ಕೆ ಹಾಕಿಕೊಂಡು ಬಂದರು. ಕ್ಲಾಸು ಬಿಟ್ಟಮೇಲೆ ಅವಳನ್ನು ನಿಲ್ಲಿಸಿಕೊಂಡರು.

“ನಿನ್ನಿ ಪ್ರಶ್ನೆ ಇನ್ನೊಮ್ಮೆ ಕೇಳವ್ವಾ.”

“ಬ್ಯಾಡ್ರಿ ಸರ್, ಹುಚ್ಚರಂಗ ಏನೋ ಕೇಳಿದ್ದೆ. ಸೂತ್ರ ಪಾಠ ಆಗೇದ, ಒಪ್ಪಿಸಲೇನ್ರಿ?”

ಒಂದಕ್ಷರ ತಪ್ಪದೆ ಒಪ್ಪಿಸಿದಳು. ಆಚಾರ್ಯರು ಚೀಲ ಬಿಚ್ಚಿ ತಂತಿ ಜೋಡಿಸಿದರು. ಬಲ್ಬು ಬೆಳಗಿತು. ಶಾಂಭವಿ ಪೆನ್ನು ತೆರೆದು ವಿನಯದಿಂದ ಕೇಳಿದಳು:

“ಇದು ಪರೀಕ್ಷೆಗ ಬರ್ತದೇನ್ರಿ?”

“ಇಲ್ಲವ್ವಾ.”

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.