ಕೆಂಚಿಯ ಕಾವು ಕೋಳಿ

ನೆಲ್ಯಹುದಿಕೇರಿಯ ಹೊಳೆದಂಡೆಯ ಕಾಫಿ ಎಸ್ಟೇಟಿನಲ್ಲಿ ಒಂದೇ ವರ್ಷದಲ್ಲಿ ಮೂವರು ಆಳುಗಳು ತಾವಾಗಿ ಜೀವ ಕಳೆದುಕೊಂಡರು. ಕಂಪನಿಗೆ ಮುಜುಗರವಾಯಿತು. ಆಳು ಜ್ವರದಿಂದ ಸತ್ತರೆ ಅದು ದೇವರ ತಪ್ಪು. ತಾನಾಗಿ ಸತ್ತರೆ ಲಂಡನ್ನಿನಿಂದ ಯಾರೋ ಕಾಗದ ಬರೆದು ಕಾರಣ ಕೇಳುತ್ತಾರೆ. ಹಾಗಾಗಿ ಡಾಕ್ಟರ್ ದೊರೆ ಕುದುರೆಯಿಂದ ಇಳಿಯದೆಯೇ ಒಂದು ಕಟ್ಟು ಫಾರಮು ಎಸೆದು ಹೋದ. ಆಸ್ಪತ್ರೆಗೆ ಬಂದವರನ್ನೆಲ್ಲ, ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ದೇರಪ್ಪ ಮೂರು ಪ್ರಶ್ನೆ ಕೇಳಬೇಕು: ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಸಾಯುವ ಇಚ್ಛೆ ಇದೆಯೇ? ಕೊನೆಯದಕ್ಕೆ ಹೌದೆಂದವರ ಹೆಸರು ಪೊಲೀಸರಿಗೆ ಹೋಗಬೇಕು. ಸಾಯಲು ಹೊರಡುವುದು ಸರ್ಕಾರದ ಕಾಯಿದೆಯಲ್ಲಿ ಅಪರಾಧ. ಬದುಕಲು ಬಿಡದಿರುವುದಕ್ಕೆ ಆ ಕಾಯಿದೆಯಲ್ಲಿ ಕಲಮು ಇರಲಿಲ್ಲ.

ಸಾಯಬೇಕೆಂದು ಹೇಳಿ ಜೈಲಿಗೆ ಹೋಗುವಷ್ಟು ದಡ್ಡರು ಆಳುಗಳ ಲೈನುಮನೆಗಳಲ್ಲಿ ಯಾರಿದ್ದರು? ದೇರಪ್ಪನಂತೂ ಕೇಳುವ ಮೊದಲೇ ‘ಇಲ್ಲ’ ಎಂದು ಬರೆದಿಟ್ಟುಕೊಳ್ಳುತ್ತಿದ್ದ. ಅದನ್ನೊಂದು ಪುಣ್ಯದ ಕೆಲಸವೆಂದೇ ನಂಬಿದ್ದ.

ಆ ಸೋಮವಾರ ಕೆಂಚಿ ಬೆರಳಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಹೋದಳು. ಅವಳ ಬೆನ್ನಿಗೇ ಆಸ್ಪತ್ರೆ ಗುಡಿಸುವ ಬೆಳ್ಳಿ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಳು. ಚಿಕ್ಕಂದಿನಲ್ಲಿ ಬಂದ ಸಿಡುಬಿನ ಕಲೆ ಬೆಳ್ಳಿಯ ಮುಖದ ತುಂಬ.

“ಕೆಂಚಿಗೆ ಏನು ಬರ್ದ್ರಿ ಡ್ರೆಸ್ಸರಯ್ಯ?”

“ಇಲ್ಲ ಅಂತ. ಎಲ್ಲರಿಗೂ ಅದೇ ಅಲ್ವಾ?”

“ಬೆಳಗ್ಗೆ ನಂಗೆ ಅವಳ ಕೋಳಿ ಕೊಟ್ಟವಳೆ.”

“ಸಾರು ಮಾಡು. ನಂಗೂ ಒಂದು ಬಟ್ಟಲು ಇಡು.”

“ಕಾವಿಗೆ ಕೂತ ಕೋಳಿ ಅಯ್ಯ! ನಿನ್ನೆ ತಾನೇ ಹನ್ನೊಂದು ಮೊಟ್ಟೆ ಇಟ್ಟು ಕೂರ್ಸಿದ್ದು. ಬುಟ್ಟಿ ಸಮೇತ ತಂದು ‘ನೀನೇ ನೋಡ್ಕೊ ಬೆಳ್ಳಕ್ಕ’ ಅಂದ್ಲು. ಮರಿ ಒಡೆಯೋವರ್ಗೂ ನಿಲ್ಲದೋಳು ಎಲ್ಲಿಗೆ ಹೊರ್ಟವಳೆ, ನೀವೇ ಹೇಳಿ.”

ದೇರಪ್ಪ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟ. ಹೋದ ತಿಂಗಳು ಕೆಂಚಿಯ ಕೂಸಿಗೆ ಜ್ವರ ಏರಿದ್ದಾಗ ಆಳುಗಳ ಹಾಜರಿ ಬರೆಯುವ ಎಸ್ಟೇಟ್ ರೈಟರ್, “ಕಾಫಿ ಪಿಕ್ಕಿಂಗ್ ಮುಗಿಸಿ ಹೋಗು” ಎಂದಿದ್ದ. ಸಂಜೆ ಅವಳು ಆಸ್ಪತ್ರೆಗೆ ತಂದದ್ದು ತಣ್ಣಗಾದ ಕೂಸನ್ನು. ಅವತ್ತೂ ದೇರಪ್ಪ ‘ಜ್ವರ’ ಎಂದು ಬರೆದು ಕೈತೊಳೆದುಕೊಂಡಿದ್ದ.

ಕೆಂಚಿಯನ್ನು ವಾಪಸು ಕರೆಸಿದ. ಫಾರಮಿನ ಕಟ್ಟನ್ನು ಅವಳ ಕಣ್ಣೆದುರೇ ಪೆಟ್ಟಿಗೆಗೆ ಹಾಕಿ ಮುಚ್ಚಿದ.

“ಸಾಯ್ಬೇಕು ಅನ್ನಿಸ್ತಾ ಉಂಟಾ ಕೆಂಚಿ?”

“ಹೂಂ ಅಂದ್ರೆ ಪೊಲೀಸ್ನೋರು ಬರ್ತಾರಾ?”

“ನಾನು ಬರೆದ್ರೆ ತಾನೇ? ಬರೆಯಲ್ಲ.”

“ಹಂಗಾದ್ರೆ ಹೂಂ.” ಅವಳು ನೆಲ ನೋಡಿದಳು. “ಕೂಸು ಹೋದಾಗಿಂದ. ಇವತ್ತು ಜಾಸ್ತಿ.”

ಬೆಳ್ಳಿ ಪೊರಕೆ ಬಿಟ್ಟು ಅವಳ ಪಕ್ಕ ಕೂತಳು. ಎದ್ದು ಹೋಗಲಿಲ್ಲ.

ಕೆಂಚಿಗೆ ಬೇಕಾದದ್ದು ಹೊಟ್ಟೆಗೆ ಅನ್ನ, ಮೈಗೆ ಬಿಡುವು, ಒಬ್ಬಳೇ ಆಗದಂತೆ ಪಕ್ಕದಲ್ಲೊಂದು ಜೀವ. ಇಷ್ಟಕ್ಕೆ ಯಾವ ಸೀಸೆಯಲ್ಲೂ ಔಷಧ ಇರಲಿಲ್ಲ. ದೇರಪ್ಪ ಬೆಳ್ಳಿಯನ್ನು ಕಾವಲಿಗೆ ಬಿಟ್ಟು, ರೈಟರ್ ಹತ್ತಿರ ರಜೆ ಕೇಳಲು ಹೋದ.

“ದುಃಖ ಯಾರಿಗಿಲ್ಲ ಮಾರಾಯ? ಅಲ್ಲಿ ಕಾಫಿ ಹಣ್ಣಾಗಿ ಉದುರ್ತಾ ಉಂಟು!” ಎಂದು ರೈಟರ್ ನಕ್ಕ.

ದೇರಪ್ಪ ಹಿಂದಿರುಗಿ ಬಂದು ರಿಪೋರ್ಟು ಬರೆದ: ‘ಕೆಂಚಿ. ಸಿಡುಬಿನ ಶಂಕೆ.’

ಮೂವರು ಆಳುಗಳು ಸತ್ತಾಗ ನಡೆದೇ ಬಂದಿದ್ದ ಕುದುರೆ ಅವತ್ತು ಓಡಿ ಬಂತು. ಡಾಕ್ಟರ್ ದೊರೆ ಹಲಸಿನ ಮರದಾಚೆಯೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, ಐವತ್ತು ಮಾರು ದೂರದಿಂದ ರೋಗಿಯನ್ನು ಕೂಲಂಕಷವಾಗಿ ಪರೀಕ್ಷಿಸಿದ. “ಹೊಳೆ ಬದಿಯ ಶೆಡ್ಡಿಗೆ ಹಾಕು! ಮೂರು ವಾರ! ಅಕ್ಕಿ, ಹಾಲು ಎಲ್ಲ ಅಲ್ಲಿಗೇ ಕಳಿಸು!” ನೋಡಿಕೊಳ್ಳಲು ಸಿಡುಬು ಬಂದು ಹೋದ ಬೆಳ್ಳಿಯೇ ಸರಿ ಎಂದೂ ಅಪ್ಪಣೆಯಾಯಿತು. ಕೂಸಿಗಾಗಿ ಅರ್ಧ ದಿನ ಸಿಗದ ರಜೆ, ದೊರೆಗೆ ಅಂಟೀತು ಎಂದ ಕೂಡಲೇ ಮೂರು ವಾರ ಸಿಕ್ಕಿತು.

ಕೋಳಿಬುಟ್ಟಿಯೂ ಶೆಡ್ಡಿಗೆ ಹೋಯಿತು. “ಕಾವು ಕೂರ್ಸಿದೋಳು ನೀನು, ನೀನೇ ಎಬ್ಬಿಸ್ಬೇಕು,” ಎಂದು ಬೆಳ್ಳಿ ಖಂಡಿತವಾಗಿ ಹೇಳಿದಳು. ದೇರಪ್ಪ ದಿನಾ ಹೋಗಿ ಅದೇ ಪ್ರಶ್ನೆ ಕೇಳಿದ. ಕೆಂಚಿ ಕೆಲವು ದಿನ ಹೂಂ ಎಂದಳು, ಕೆಲವು ದಿನ ಅತ್ತಳು. ಒಂಬತ್ತು ಮರಿ ಹೊರಬಂದ ದಿನ ಎರಡು ತುತ್ತು ಹೆಚ್ಚಿಗೆ ಉಂಡಳು.

“ಆ ಯೋಚನೆ ಹೋಯ್ತಾ?”

“ಪೂರ್ತಿ ಹೋಗಿಲ್ಲ ಅಯ್ಯ. ಬಂದ್ರೆ ಬೆಳ್ಳಕ್ಕನ್ನ ಕೂಗ್ತೀನಿ.”

ತನ್ನ ಮೂರು ಪ್ರಶ್ನೆಗಳಿಂದ ಎಸ್ಟೇಟಿನಲ್ಲಿ ಸಾಯುವ ಇಚ್ಛೆಯೇ ಅಳಿದಿದೆಯೆಂದು ಡಾಕ್ಟರ್ ದೊರೆ ಲಂಡನ್ನಿಗೆ ಬರೆದ.

ಮರುದಿನ ಆಸ್ಪತ್ರೆಯ ಮುಂದೆ ಆಳುಗಳ ಸಾಲು. ಎಲ್ಲರ ಮುಂದೆ, ಹೆಂಡತಿ ಸತ್ತ ಮೇಲೆ ಯಾರೊಂದಿಗೂ ಮಾತಾಡದ ಜವರ.

“ಅಯ್ಯಾ, ನಂಗೂ ಸಿಡುಬು ಬಂದಂಗೈತೆ.”

ಅವನ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ದೇರಪ್ಪ ಫಾರಮು ತೆಗೆಯಲಿಲ್ಲ. ಸ್ಟೂಲು ಎಳೆದು ಹತ್ತಿರ ಹಾಕಿದ.

“ಕೂತ್ಕೊ ಜವರ. ಕೋಳಿ ಯಾರಿಗೆ ಕೊಟ್ಟೆ?”