ಒಂದೇ ಮುಚ್ಚಳ

ಕೆಂಪು ದೀಪ, ಆಪರೇಷನ್ ಕೋಣೆಯ ಬಾಗಿಲ ಮೇಲೆ, ನೋಡಬಾರದೆಂದು ನೆಲ ನೋಡಿದರೆ ನೆಲದಲ್ಲೂ ಅದರದೇ ಹೊಳಪು, ಒಳಗೆ ಅಮ್ಮ ಎದೆ ಕುಯ್ಯಿಸಿಕೊಂಡು ಮಲಗಿದ್ದಾಳೆ, ಇವಳು ಲ್ಯಾಬಿನ ಕೋಟು ಕೂಡ ಬಿಚ್ಚದೆ ಓಡಿಬಂದವಳು ಜೇಬಿನೊಳಗೆ ಅದೇನನ್ನೋ ಬೆರಳಲ್ಲಿ ಹೊರಳಿಸುತ್ತಾ ಕೂತಿದ್ದಾಳೆ, ಪಕ್ಕದಲ್ಲಿ ಅಕ್ಕ, ನೀನು ಮಾಡಿಸೋಣ ಅಂದ್ಮೇಲೇ ನಂಗೆ ಧೈರ್ಯ ಬಂದಿದ್ದು ಕಣೇ, ಯೋಚ್ನೆ ಮಾಡದೆ ಹೇಳೋಳಲ್ಲ ನೀನು — ಯೋಚನೆಯೇ, ಯೋಚಿಸಿ ಯೋಚಿಸಿ ತಲೆ ಕೆಟ್ಟು ಕೆರ ಹಿಡಿದಿತ್ತು, ಮಾಡಿಸಿದ್ರೂ ಅಪಾಯ, ಬಿಟ್ರೂ ಅಪಾಯ, ಬೆಳಿಗ್ಗೆನೇ ತಿಳಿಸಿಬಿಡಿ ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು, ಅಮ್ಮ, ನೀವಿಬ್ರೂ ಏನಂತೀರೋ ಅದೇ ಎಂದು ಗೋಡೆಯ ಕಡೆ ತಿರುಗಿದ್ದಳು, ಅಕ್ಕ ಫೋನಿನಲ್ಲಿ, ಓದ್ದೋಳು ನೀನು, ನೀನೇ ಹೇಳು, ಅದಕ್ಕೇ ಅಲ್ಲವೇ ಬೆಳಿಗ್ಗೆ ಲ್ಯಾಬಿನಲ್ಲಿ ಒಬ್ಬಳೇ ಇದ್ದಾಗ, ಥೂ, ಯಾರಿಗೆ ಹೇಳುವುದು ಇದನ್ನು, ಮೇಜಿನ ಮೇಲೊಂದು ಕನ್ನಡಿ, ಅರ್ಧ ಬೆಳಕನ್ನು ಆಚೆ ಬಿಟ್ಟು ಅರ್ಧವನ್ನು ಪಕ್ಕಕ್ಕೆ ತಿರುಗಿಸುವಂಥದು, ಅದಕ್ಕೆ ಬಂದು ಬಡಿಯುವ ಒಂದೊಂದೇ ಬೆಳಕಿನ ಕಣ, ಈ ಕಡೆ ಹೋದರೆ ಕೆಂಪು ದೀಪ, ಆ ಕಡೆಯಾದರೆ ಹಸಿರು, ಯಾವ ಕಡೆಯೆಂದು ಕಣಕ್ಕೂ ಗೊತ್ತಿಲ್ಲ, ಬ್ರಹ್ಮನಿಗೂ ಗೊತ್ತಿಲ್ಲ ಎಂದು ವರ್ಷಗಟ್ಟಲೆ ಪಾಠ ಮಾಡಿದ್ದಾಳೆ, ಹಾಗಾದ್ರೆ ನಾವು ಮಾಡೋದು ಮೇಡಂ, ಅದೂ ಮೊದ್ಲೇ ತೀರ್ಮಾನ ಆಗಿರುತ್ತಾ, ಎಂದು ಮುಂದಿನ ಬೆಂಚಿನವಳು ಕೇಳಿದಾಗ ಅದು ಪರೀಕ್ಷೆಗೆ ಬರಲ್ಲಮ್ಮ ಎಂದು ನಗಿಸಿದ್ದಳು, ಮೊದಲು ಕೆಂಪು ಬಂದರೆ ಮಾಡಿಸೋದು, ಹಸಿರು ಬಂದರೆ ಬೇಡ, ಗುಂಡಿ ಒತ್ತಿದಳು, ಕೆಂಪು, ಅಕ್ಕನಿಗೆ ಫೋನು, ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಹೆತ್ತವಳನ್ನು ಒಂದು ಚೂರು ಬೆಳಕಿನ ಕೈಗೆ ಕೊಟ್ಟು ಹಾಯಾಗಿಬಿಟ್ಟಳು, ನಾಚಿಕೆಯಾಗಬೇಕು —

ಜೇಬಿನಲ್ಲಿ ಹೊರಳುತ್ತಿರುವುದು ಮುಚ್ಚಳ. ಕರಿಯ ರಬ್ಬರಿನದು, ಕಣ ಬಂದು ತಾಗಿದೊಡನೆ ಆ ದೀಪಗಳನ್ನು ಹೊತ್ತಿಸುವ ಎರಡು ಡಿಟೆಕ್ಟರುಗಳ ಕಣ್ಣಿಗೆ ಧೂಳು ಕೂರದಂತೆ ಅವಳೇ ದಿನವೂ ಹಾಕುವುದು, ಪ್ರಯೋಗಕ್ಕೆ ಮುಂಚೆ ಎರಡನ್ನೂ ತೆಗೆದು ಇದೇ ಜೇಬಿಗೆ ಇಳಿಸುವುದು ರೂಢಿ, ಎರಡು, ಇನ್ನೊಂದೆಲ್ಲಿ, ಆ ಜೇಬಿನಲ್ಲಿಲ್ಲ, ಚೀಲದಲ್ಲಿಲ್ಲ, ಏನೇ ಹುಡುಕ್ತಿದ್ದೀಯ, ಏನಿಲ್ಲ ಅಕ್ಕ, ಅದು ಅಲ್ಲೇ ಉಳಿದಿದೆ, ಕೆಂಪು ಹೊತ್ತಿತಲ್ಲ, ಹಾಗಾದರೆ ಹಸಿರಿನ ಕಣ್ಣಿನ ಮೇಲೆ, ಆ ಕಡೆ ಹೋದ ಕಣಗಳೆಲ್ಲ ರಬ್ಬರಿಗೆ ಬಡಿದು ಸುಮ್ಮನಾದವು, ಕೆಂಪಲ್ಲದೆ ಇನ್ನೇನೂ ಬರುವ ಹಾಗೇ ಇರಲಿಲ್ಲ, ಇಷ್ಟು ವರ್ಷದಲ್ಲಿ ಒಮ್ಮೆಯೂ ಮರೆಯದವಳು ಇವತ್ತೇ ಮರೆತಳೇ, ಮರೆತಳೋ, ಅಮ್ಮನನ್ನು ಬಿಟ್ಟುಕೊಡಲಾರದ ಕೈ ಅವಳನ್ನು ಕೇಳದೆಯೇ ಅದನ್ನು ಹಾಗೇ ಬಿಟ್ಟಿತೋ, ಹಾಗಾದರೆ ತೀರ್ಮಾನ ಯಾರದು, ಕಣದ್ದಲ್ಲ, ಒಳಗೆ ಏನಾದರೂ ಆದರೆ ಅದು ಕಣದ್ದಲ್ಲ, ಭಯವಾಗುತ್ತಿದೆ, ಅಕ್ಕನಿಗೆ ಹೇಳಲೇ, ಏನೆಂದು ಹೇಳುವುದು, ಕೆಂಪು ಆರಿತು, ಬಾಗಿಲು ತೆರೆಯಿತು, ಏಳೇ, ಡಾಕ್ಟ್ರು ಬಂದ್ರು, ಅಕ್ಕ ಎದ್ದಳು, ಇವಳಿಗೆ ಏಳಲಾಗಲಿಲ್ಲ, ಡಾಕ್ಟರ ಮುಖ ನೋಡಲಾಗಲಿಲ್ಲ, ಜೇಬಿನಲ್ಲಿ ಕೈ, ಕೈಯಲ್ಲಿ ಮುಚ್ಚಳ, ಒಂದೇ ಮುಚ್ಚಳ