ಮಾಸ್ತರ ಹಾಕಿದ ಸವಾಲು

"ದೇವರಿಲ್ಲ ಅನ್ನಾಂವ ಸೋಮವಾರಕ್ಕೊಮ್ಮೆ ಗುಡಿ ಕಟ್ಟಿಗೆ ಯಾಕ ಹೋಗತಾನ ಬೇ?" ಅಂತ ನೆರಮನಿ ಹೊಳೆವ್ವ ನನ್ನ ಕೇಳದ ವಾರ ಇರಲಿಲ್ಲ. ನನಗೇನ ಗೊತ್ತು? ಹೋಗಿ ಅವನ್ನ ಕೇಳು ಅಂತಿದ್ದೆ. ಅವನ ಮುಂದ ಬಾಯಿ ತೆಗಿಯೂ ಧೈರ್ಯ ಆಕಿಗಿಲ್ಲ, ನನ್ನ ಮುಂದ ಮಾತ್ರ ಜೋರ.

ಆಂವ ಅಂದ್ರ ನನ್ನ ಗಂಡ, ಜಕ್ಕಪ್ಪ ಮಾಸ್ತರ. ಗಂಡನ ಹೆಸರ ಹೇಳಬಾರದಂತ. ಹೇಳೇಬಿಟ್ಟೆ, ಹೋಗ್ಲಿ. ನಮ್ಮದು ತುಬಚಿಗೆ ಹೋಗೂ ಹಾದ್ಯಾಗ ಹೊಳಿದಂಡಿ ಊರು. ಜಮಖಂಡಿ ರಾಜರ ಆಳಿಕಿ ಹೋಗಿ ಮುಂಬೈ ಸರಕಾರ ಬಂದು ಆಗ ನಾಕ ವರ್ಷ ಆಗಿತ್ತು. ಊರ ಸಾಲಿಗೆ ಮಾಸ್ತರಾಗಿ ಬಂದಾಂವ ನಮ್ಮ ಸ್ವಾದರತ್ತಿ ಮಗನ ಆಗಿದ್ದ. ತಂದಿ ಸತ್ತ ಮ್ಯಾಲ ಅವನ್ನ ಸಾಕಿದ್ದು, ಕುರಿ ಮಾರಿ ಜಮಖಂಡಿ ಸಾಲ್ಯಾಗ ಓದಿಸಿದ್ದು ನಮ್ಮಪ್ಪ ಅಮಸಿದ್ದಪ್ಪ. ಓದಿಸಿದ್ದರ ಫಲ ಏನಂದ್ರ, ಹುಡುಗ ವಾಪಸ್ ಬಂದು, "ಮಾವ, ದೇವರು ಇಲ್ಲ" ಅಂದ.

ನಮ್ಮಪ್ಪ ಸಿಟ್ಟಾಗಲಿಲ್ಲ. "ಇಲ್ಲಂದ್ರ ಕುಂದರ ಇಲ್ಲಿ. ಯಾಕಿಲ್ಲ ಹೇಳು" ಅಂದ. ಅವತ್ತ ಶುರು ಆತು ನೋಡ್ರಿ. ಸೋಮವಾರ ಸಂಜಿಗೆ ಬೀರಪ್ಪನ ಗುಡಿ ಕಟ್ಟಿಮ್ಯಾಗ ಮಾವ ಒಂದ ಕಡೆ, ಅಳಿಯ ಒಂದ ಕಡೆ. ಅರಿಷಿಣದ ಭಂಡಾರ ಹಣಿಗೆ ಹಚ್ಚಿದ್ರ ಜ್ವರ ಹೋಗತೈತೇನು? ಕಲ್ಲಿಗೆ ಹಾಲ ಯಾಕ? ನಾ ಅಡಗಿ ಮಾಡಿ ಕಾದು ಕಾದು ರೊಟ್ಟಿ ಕಟಕಟಿ ಆಗತಿದ್ವು. ಕಡೀಕ ನಾನ ಹೋಗಿ, "ನಿಮ್ಮ ದೇವರ ಇದ್ರ ಇರ್ಲಿ, ಇರದಿದ್ರ ಹಾಳಾಗಿ ಹೋಗ್ಲಿ, ಉಣ್ಣಾಕ ಏಳ್ರಿ" ಅಂತ ಒದರಬೇಕು. ಇಬ್ಬರೂ ನಕ್ಕೋತ ಬರತಿದ್ರು. ಒಂದ ಗಂಗಾಳದಾಗ ಉಣ್ಣತಿದ್ರು.

ನಮ್ಮಪ್ಪ ಡೊಳ್ಳಿನ ಹಾಡಿಕಿ ಮಾಡಾಂವ. ಬೀಳಗಿ ಕಡಿಂದ ಮುಧೋಳತನಕ ಅಮಸಿದ್ದಪ್ಪ ಡೊಳ್ಳ ಕಟ್ಟಿದ ಅಂದ್ರ ಮಂದಿ ಗಾಡಿ ಕಟಗೊಂಡ ಬರತಿದ್ರು. ಹಾಡಿಕ್ಯಾಗ ಎರಡು ಮೇಳ ಇರತಾವ. ಒಂದು ಮೇಳ ಸವಾಲ ಹಾಕಬೇಕು, ಇನ್ನೊಂದು ಜವಾಬ ಕೊಡಬೇಕು. ನಮ್ಮೂರಾಗ ಒಂದು ಕಟ್ಟಳಿ ಐತಿ. ಜವಾಬ ಕೊಡಾಕ ಆಗದಾಂವ ಡೊಳ್ಳ ಬಿಚ್ಚಿ ಗುಡಿಯೊಳಗ ಇಡಬೇಕು. ಜವಾಬ ಸಿಗೂತನಕ ಅದನ್ನ ಮುಟ್ಟಂಗಿಲ್ಲ, ಬಾಯಿ ಬಿಟ್ಟು ಹಾಡಂಗಿಲ್ಲ. ನಮ್ಮಪ್ಪನ ಡೊಳ್ಳ ಯಾವತ್ತೂ ಒಳಗ ಹೋಗಿರಲಿಲ್ಲ.

ಈಗ ನಾ ಹೇಳಬೇಕಾದ್ದನ್ನ ಹೇಳತೇನಿ. ನನಗೊಂದು ಗಂಡಸ ಮಗಾ ಇತ್ತು. ನಾಕು ತಿಂಗಳದ್ದು. ಯುಗಾದಿ ಮುಗದ ಮ್ಯಾಲ ಬಿಸಲಾಗ ಅದಕ್ಕ ವಾಂತಿ ಭೇದಿ ಹತ್ತಿತು. ಮುಂಜಾನೆದ್ದು ಮಾಸ್ತರ ಸೈಕಲ್ ಹತ್ತಿ ಜಮಖಂಡಿಗೆ ಡಾಕ್ಟರನ್ನ ಕರಕೊಂಡ ಬರಾಕ ಹೋದ್ರು. ನಮ್ಮಪ್ಪ ಗುಡಿಗೆ ಓಡಿದ. ಬೀರಪ್ಪನ ಮುಂದ ಕುಂತು ಡೊಳ್ಳ ಬಾರಿಸಿ ಕೇಳಕೊಂತೇನಿ, ಭಂಡಾರ ತರತೇನಿ ಅಂದ. ಹೊತ್ತ ನೆತ್ತಿಗೆ ಬರೂದ್ರೊಳಗ ಕೂಸು ಹೋತು. ಆಮ್ಯಾಲ ಒಬ್ಬರು ಡಾಕ್ಟರನ್ನ ಕರಕೊಂಡ ಬಂದ್ರು, ಒಬ್ಬರು ಮುಟಗಿ ತುಂಬ ಭಂಡಾರ ಹಿಡಕೊಂಡ ಬಂದ್ರು. ಇಬ್ಬರೂ ಬಾಗಲದಾಗ ನಿಂತ್ರು.

ಅದರ ಮ್ಯಾಲ ಮನ್ಯಾಗ ಕೂಸಿನ ಸುದ್ದಿ ಯಾರೂ ಎತ್ತಲಿಲ್ಲ. ನನ್ನ ಮುಂದಂತೂ ಎತ್ತಲೇ ಇಲ್ಲ. ತೊಟ್ಟಲಾ ಅಟ್ಟಕ್ಕ ಹೋತು. ಕಟ್ಟಿಮ್ಯಾಗ ಮಾವ ಅಳಿಯನ ವಾದ ಮಾತ್ರ ಮದ್ಲಿಗಿಂತ ಜೋರಾತು.

ಕಾರ್ತಿಕದ ಒಂದು ಸೋಮವಾರ ಮಧ್ಯಾಹ್ನ ಹಾಡಿಕಿ ಇತ್ತು. ಬೀಳಗಿ ಕಡಿ ಮೇಳ ಬಂತು, ಆದ್ರ ಸವಾಲ ಹಾಕಾಂವಗ ಗಂಟಲ ಕಟ್ಟಿ ಮಾತ ಹೊರಡವಲ್ದು. ಮಂದಿ ಜಮಾಸಿ ಕುಂತೈತಿ, ಏನ ಮಾಡೂದು? ಯಾರೋ ಒಬ್ಬ ಶಾಣ್ಯಾ, "ನಮ್ಮ ಮಾಸ್ತರಗಿಂತ ಸವಾಲ ಹಾಕಾಂವ ಯಾರದಾನ್ರೆಪಾ?" ಅಂದ. ಹಿಡಿದು, ಕೊರಳಿಗೆ ಡೊಳ್ಳ ಹಾಕಿ ನಿಲ್ಲಿಸೇಬಿಟ್ರು. ಅಪ್ಪ ನಕ್ಕೋತ, "ಬಾ ಜಕ್ಯಾ, ಇವತ್ತ ನಿನ್ನ ನೋಡೇಬಿಡತೇನಿ" ಅಂದ.

ಛಲೋ ನಡದಿತ್ತು. ಮಾಸ್ತರಗ ರಾಗ ಬರೂದಿಲ್ಲ, ಆದ್ರೂ ಮಂದಿ ಹೌದೌದು ಅನ್ನಾಕತ್ತಿದ್ರು. "ಬೀರಪ್ಪ ಹುಟ್ಟಿದ ಕೂಡ್ಲೆ ಅಡವ್ಯಾಗ ಬಿಟ್ಟ ಬಂದ್ರಲ್ಲ, ಆ ಕೂಸು ಅತ್ತಾಗ ಶಿವ ಎಲ್ಲಿದ್ದ?" ಅಂತ ಸವಾಲ ಬಂತು. ಇದಕ್ಕ ಜವಾಬ ಊರ ಹುಡುಗರಿಗೂ ಗೊತ್ತು. ಅಪ್ಪ ಕುಣಕೋತ ಹಾಡಿದ: ಗಿಡದ ನೆರಳಾಗ ಶಿವ ಇದ್ದ, ತೂಗೂ ಗಾಳ್ಯಾಗ ಶಿವ ಇದ್ದ, ಅಳು ಕೇಳಿ ಓಡಿಬಂದ ಅಕ್ಕ ಮಾಯವ್ವನ ಕಿವ್ಯಾಗ ಶಿವ ಇದ್ದ.

ಮಾಸ್ತರು ಡೊಳ್ಳ ಮ್ಯಾಲಿನ ಕೈ ತೆಗದ್ರು. ಹಾಡಲಿಲ್ಲ, ಬರೇ ಬಾಯ್ಲೆ ಕೇಳಿದ್ರು. "ಅದು ದೇವರ ಕೂಸು ಮಾವ, ಬದುಕಿತು. ಮಂದಿ ಕೂಸು ಅತ್ತಾಗ ಎಲ್ಲಿದ್ದ?"

ಯಾರ ಕೂಸು ಅಂತ ಎಲ್ಲಾರಿಗೂ ತಿಳೀತು. ಅಪ್ಪನ ಕೈ ಹಂಗ ಮ್ಯಾಲ ನಿಂತಿತ್ತು. ಆಮ್ಯಾಲ ಕೊರಳಿನ ಡೊಳ್ಳ ಬಿಚ್ಚಿ, ಒಳಗ ಹೋಗಿ, ದೇವರ ಬಾಜೂಕ ಇಟ್ಟು, ಯಾರನ್ನೂ ನೋಡದ ಹೊಂಟಬಿಟ್ಟ.

ನನಗ ಬಂದ ಸಿಟ್ಟ ಎಷ್ಟಂತೀರಿ! ಮನಿಗೆ ಬಂದ ಗಂಡಗ, "ಗೆದ್ದ ಬಂದ್ರ್ಯಾ? ಆರತಿ ಎತ್ತಲೇನು?" ಅಂದೆ. ಆಂವ ಗ್ವಾಡಿಕಡೆ ಮಾರಿ ಮಾಡಿ ಕುಂತ.

ಅವತ್ತಿನಿಂದ ಅಪ್ಪ ಕುರಿ ಹಿಂದ ಹೊಳಿದಂಡ್ಯಾಗ ಉಳದಬಿಟ್ಟ. ನಮ್ಮ ಮನಿಗೆ ಬರಲಿಲ್ಲ. ಬುತ್ತಿ ಒಯ್ದು ಕೊಟ್ರ ಅರ್ಧಾ ನಾಯಿಗೆ ಹಾಕತಿದ್ದ. ದೂರದ ಊರವರು ಹಾಡಿಕಿಗೆ ಕರಿಯಾಕ ಬಂದು ಹೊಳ್ಳಿ ಹೋದ್ರು. ಕುರಿ ಕಾಯಕೋತ ಸುಮ್ನ ಗುಣಗುಣಿಸೂದನ್ನೂ ಬಿಟ್ಟಿದ್ದ. ನಾ ಹುಟ್ಟಿದಾಗಿಂದ ಅಪ್ಪನ ದನಿ ಕೇಳದ ದಿನಾ ಇರಲಿಲ್ಲ. ಈ ಮನಶ್ಯಾ ಹಿಂಗ ಬಾಯಿ ಮುಚಗೊಂಡ ಸಾಯತಾನ ಅಂತ ನನಗ ಭಾಳ ಅಂಜಿಕಿ ಆತು.

ಇತ್ತ ಮಾಸ್ತರದೂ ಅದ ಹಣೆಬರಾ. ಸೋಮವಾರ ಬಂತಂದ್ರ ಸಂಜಿಮುಂದ ಅಂಗಿ ಹಾಕ್ಕೊಳ್ಳೂದು, ಬಾಗಲತನಕ ಹೋಗೂದು, ಹೊಳ್ಳಿ ಬಂದು ಅಂಗಿ ಬಿಚ್ಚೂದು. ಒಂದಿನ ತಡೀಲಾರದ ಕೇಳೇಬಿಟ್ಟೆ. "ಅಲ್ರೀ, ದೇವರಿಲ್ಲ ಅಂತ ನಿಮಗ ಖಾತ್ರಿ ಐತೆಲ್ಲ, ಸುಮ್ನ ಮನ್ಯಾಗ ಇರಬೇಕಿಲ್ಲೋ? ಅವರ ಜೋಡಿ ಯಾಕ ವಾದ ಹಾಕಬೇಕಿತ್ತು?"

ಅಂಗಿ ಗುಂಡಿ ಬಿಚ್ಚಕೋತ ಅಂದ್ರು: "ಊರಾಗ ಎಲ್ಲಾರೂ ನನಗ ಹೌದ್ರಿ ಮಾಸ್ತರ ಅಂತಾರ, ಹಿಂದ ನಗತಾರ. ನನ್ನ ಮಾತ ಪೂರಾ ಕೇಳಿ, ತಲಿ ಕೆರಕೊಂಡು, ಆಮ್ಯಾಲ ಬೈಯಾಂವ ಮಾವ ಒಬ್ಬನ. ಇಲ್ಲದ ದೇವರ ಜೋಡಿ ನನಗೇನ ಕೆಲಸ ಲಗಮವ್ವ? ಇರೂ ಮಾವನ ಜೋಡಿ ಐತಿ. ಆಂವ ಅಷ್ಟ ನಂಬತಾನಲ್ಲ, ಅಲ್ಲೇನ ಕಾಣತೈತಿ ಅವಗ ಅಂತ ನನಗೂ ನೋಡಬೇಕನಸತೈತಿ." ಇಷ್ಟು ಹೇಳಿ ಕಣ್ಣ ಒರಸ್ಕೊಂಡ್ರು. ನನ್ನ ಸಿಟ್ಟ ಅರ್ಧಾ ಇಳೀತು.

ಮತ್ತ ಯುಗಾದಿ ಬಂತು. ಮರುದಿನಾ ನಾ ಬುತ್ತಿ ಕಟ್ಟಾಕತ್ತಿದ್ದೆ, ಮಾಸ್ತರು ಹಣಿ ತುಂಬ ಭಂಡಾರ ಬಡಕೊಂಡ ಬಂದು, "ನಡಿ, ನಾನೂ ಬರತೇನಿ" ಅಂದ್ರು. ನನಗ ನಗು ಬಂತು, ಹೆದರಿಕೀನೂ ಬಂತು. ಹೊಳಿದಂಡ್ಯಾಗ ಜಾಲಿಗಿಡದ ಬುಡಕ ಅಪ್ಪ ಕಂಬಳಿ ಹಾಸಿ ಕುಂತಿದ್ದ. ಅಳಿಯ ಹೋಗಿ ಮುಂದ ಕುಂತು, ತಲಿ ತಗ್ಗಿಸಿ, "ಮಾವ, ನಾ ಸೋತೆ. ದೇವರದಾನ. ನನ್ನ ಸವಾಲ ವಾಪಸ್ ತಗೊಂತೇನಿ, ನೀ ಡೊಳ್ಳ ತಗೋ" ಅಂದ್ರು.

ಅಪ್ಪ ಅವನ ಹಣಿ ನೋಡಿದ. ಕಂಬಳಿ ಚುಂಗಲೆ ಆ ಭಂಡಾರ ತಿಕ್ಕಿ ತಿಕ್ಕಿ ಒರಿಸಿದ.

"ಸುಳ್ಳ ಹೇಳತೀಯೇನಲೇ ಭಾಡ್ಯಾ? ನನ್ನ ಮುಂದ ಸುಳ್ಳ ಹೇಳತಿ? ಊರ ಮಂದಿ ಎಲ್ಲಾ ಹೌದಪಾ ಅದಾನ ಅಂತಾರ, ಅವರ ಮುಂದ ನನಗ ನನ್ನ ದೇವರ ನೆನಪ ಸೈತ ಆಗೂದಿಲ್ಲ. ನೀ ಇಲ್ಲ ಅಂದಾಗ ಎದ್ದು ಹುಡಕಾಕ ಹೋಗತೇನಿ. ನೀನೂ ಹೌದು ಅಂದ್ರ ನಾ ಯಾರ ಜೋಡಿ ಮಾತಾಡ್ಲಿ?" ಅಪ್ಪ ಕೈಯಾನ ಕಂಬಳಿ ಚುಂಗ ಬಿಟ್ಟ. "ನಿನ್ನ ಸವಾಲ ಖರೇನ ಐತಿ. ನಾ ಇಷ್ಟ ದಿನಾ ಅದನ್ನ ಕೇಳಾಕತ್ತೇನಿ. ಕೂಸು ಅತ್ತಾಗ ಎಲ್ಲಿದ್ದ ಆಂವ? ನಾ ಅವನ ಮುಂದ ಕುಂತು ಡೊಳ್ಳ ಬಡ್ಯಾಕತ್ತಿದ್ದೆ, ಆಂವ ಅಲ್ಲೂ ಇರಲಿಲ್ಲ."

"ನಾನೂ ಇರಲಿಲ್ಲ ಮಾವ" ಅಂದ್ರು ಮಾಸ್ತರು. "ಸೈಕಲ್ ಮ್ಯಾಲಿದ್ದೆ."

ಇಬ್ಬರೂ ಮತ್ತ ಶುರು ಮಾಡಿದ್ರು. ಅಲ್ಲಿದ್ದನೋ, ಇಲ್ಲಿದ್ದನೋ, ಇರಲೇ ಇಲ್ಲೋ. ನಾ ಬುತ್ತಿ ಹೊತಗೊಂಡ ಅಲ್ಲೇ ನಿಂತೇನಿ, ಇವರಿಗೆ ಕಣ್ಣಿಲ್ಲ. ವರ್ಷದಿಂದ ಎದ್ಯಾಗ ಹಿಡಕೊಂಡಿದ್ದು ಒಮ್ಮೆಲೆ ಬಾಯಿಗೆ ಬಂತು. ಬುತ್ತಿ ಗಂಟ ನೆಲಕ್ಕ ಒಗದೆ.

"ನಾ ಇದ್ದೆ!" ಅಂದೆ. "ಕೂಸು ಅತ್ತಾಗ ನಾ ಇದ್ದೆ. ನನ್ನ ತೊಡಿಮ್ಯಾಗ ಇತ್ತು ಅದು. ದೇವರ ಎಲ್ಲಿದ್ದ, ದೇವರ ಎಲ್ಲಿದ್ದ ಅಂತ ಇಬ್ಬರೂ ಊರೆಲ್ಲಾ ಕೇಳಿದ್ರಿ. ಲಗಮವ್ವ ಎಲ್ಲಿದ್ಲು ಅಂತ ಒಬ್ಬರರೆ ಕೇಳಿದ್ರ್ಯಾ?"

ನಾ ಕುಸದ ಕುಂತು ಜೋರಾಗಿ ಅತ್ತೆ. ಕೂಸ ಹೋದ ದಿನಾ ಸೈತ ಹಂಗ ಅತ್ತಿರಲಿಲ್ಲ. ಕುರಿ ಸೈತ ಮೇಯೂದ ಬಿಟ್ಟು ನೋಡಾಕತ್ತಿದ್ವು. ಮಾಸ್ತರು ಬಂದು ನನ್ನ ಬಾಜೂಕ ಮಣ್ಣಾಗ ಕುಂತ್ರು. ಏನ ಮಾಡಬೇಕು ತಿಳೀದ ನನ್ನ ಸೆರಗಿನ ತುದಿ ಹಿಡಕೊಂಡ್ರು.

ನಾ ಒಗದ ಬುತ್ತಿ ಗಂಟ ಹತ್ತರ ಎಳಕೊಂಡು ಅಪ್ಪ ಅಂದ: "ಜವಾಬ ಬಂತು ಜಕ್ಯಾ. ಆಕಿ ಇದ್ಲು."

"ಅದು ದೇವರದಾನ ಅನ್ನೂ ಜವಾಬ ಅಲ್ಲ ಮಾವ."

"ಇಲ್ಲ ಅನ್ನೂದೂ ಅಲ್ಲಲೇ. ಸುಮ್ನಿರು." ಅಪ್ಪ ಮಣಕಾಲ ಊರಿ ಸರಕೊಂಡ ನನ್ನ ಹತ್ತರ ಬಂದ. "ನಾಳೆ ಡೊಳ್ಳ ತಗೊಂತೇನಿ, ಮಗಳ. ಈ ಜವಾಬ ಗುಡಿ ಮುಂದ ಹಾಡಬೇಕು. ಆದ್ರ ನಾ ಹ್ಯಾಂಗ ಹಾಡ್ಲಿ? ನಾ ಅಲ್ಲಿರಲಿಲ್ಲ." ನನ್ನ ತಲಿಮ್ಯಾಲ ಕೈ ಇಟ್ಟ. "ನೀನ ಹೇಳು ಯವ್ವಾ. ಅವತ್ತ ಅದು ಹ್ಯಾಂಗ ಅಳಾಕತ್ತಿತ್ತು?"

ಮದ್ಲ ಜೋರಿತ್ತಪಾ, ಅಂದೆ. ಆಮ್ಯಾಲ ಸಣ್ಣಗಾತು. ಕಡೀಕ ಅಳೂದ ಬಿಟ್ಟು ನನ್ನ ಮಾರಿ ನೋಡತಿತ್ತು. ನನ್ನ ಬೆರಳ ಹಿಡಕೊಂಡಿತ್ತು.

"ಯಾವ ಬೆರಳ?" ಅಂತ ಮಾಸ್ತರು ಕೇಳಿದ್ರು.

ಇದು, ಅಂತ ತೋರಿಸಿದೆ.